ಅಡ್ಡ ತಿರುಗಿಸದ ಹಿಡಿ

ಅಕ್ಟೋಬರ್ ೫, ಗುರುವಾರ

ದೋಣಿ ಹತ್ತಿ ಎರಡು ದಿನವಾಯಿತು. ತಮ್ಮನಿಗೆ ಕಾಗದ ಬರೆಯೋಣವೆಂದರೆ ಇಲ್ಲಿ ಅಂಚೆ ಡಬ್ಬಿ ಎಲ್ಲಿಂದ ಬರಬೇಕು, ಮೀನಿನ ಬಾಯಿಗೇ ಹಾಕಬೇಕು. ಬರೆಯದಿದ್ದರೆ ನನಗೆ ಊಟ ಮಾಡಿ ಕೈ ತೊಳೆಯದ ಹಾಗೆ ಇರುತ್ತದೆ. ಆದ್ದರಿಂದ ಈ ಪುಸ್ತಕದಲ್ಲಿ ನನಗೆ ನಾನೇ ಬರೆದುಕೊಳ್ಳುತ್ತಿದ್ದೇನೆ. ಓದುವವನೂ ನಾನೇ ಆದ್ದರಿಂದ ಕಾಗುಣಿತಕ್ಕೆ ಹೆದರಬೇಕಾಗಿಲ್ಲ. ಶಾಲೆ ನನ್ನನ್ನು ಬಿಟ್ಟಿತೋ ನಾನು ಶಾಲೆಯನ್ನು ಬಿಟ್ಟೆನೋ, ಆ ವಯಸ್ಸಿನಲ್ಲೇ ಪೈಪು ಹೊರಲು ಹೋದವನು.

ಇದು ಮಗಳ ದೋಣಿ. ದೋಣಿ ಎನ್ನುವುದಕ್ಕಿಂತ ಹಾಯಿ ಕಟ್ಟಿದ ಪುಟ್ಟ ಮನೆ ಎನ್ನಬೇಕು. ನಾಲ್ಕು ಮೆಟ್ಟಿಲು ಇಳಿದರೆ ಒಲೆ, ಸಿಂಕು, ಒಂದು ಮೇಜು, ಮೇಜಿನ ಎರಡು ಕಡೆ ಬೆಂಚು. ರಾತ್ರಿ ಅದೇ ಬೆಂಚು ಅಕ್ಕನ ಹಾಸಿಗೆ. "ಗೋಡೆಗೆ ಕೈ ತಾಗದೆ ಆಕಳಿಸೋಕೂ ಆಗಲ್ಲ ಕಣೋ ಇಲ್ಲಿ" ಎನ್ನುತ್ತಾಳೆ ಅಕ್ಕ. ಎಪ್ಪತ್ತೆರಡು ದಾಟಿದರೂ ಬರುತ್ತೇನೆಂದು ಹಟ ಹಿಡಿದು ಬಂದವಳು ಇವಳೇ.

ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಎರಡು ವರ್ಷದ ಕೆಳಗೆ ಯಾರೋ ಕೈಬಿಟ್ಟ ಈ ಹಳೆಯ ದೋಣಿಯನ್ನು ತೆಗೆದುಕೊಂಡು, ರಜಾ ದಿನಗಳನ್ನೆಲ್ಲ ಅದರ ಹೊಟ್ಟೆಯೊಳಗೆ ಕಳೆದಳು. "ಹಳೇ ದೋಣಿ ಸೋರೋದು ಬಿಡಲ್ಲ, ಕೆಲಸ ಬಲ್ಲವರನ್ನ ಕರೆಸು" ಎಂದು ನಾನು ಹೇಳಿದ್ದೆ. ಕೆಲಸ ಬಲ್ಲವನು ನಾನೇ ಮನೆಯಲ್ಲಿ ಕೂತಿದ್ದೆ, ಅವಳು ಕರೆಯಲಿಲ್ಲ. ಅವಳು ಕರೆಯಲಿಲ್ಲವೆಂದು ನಾನೂ ಹೋಗಲಿಲ್ಲ.

ಮೊನ್ನೆ ಹತ್ತಿದ ಕೂಡಲೆ ನಮಗಿಬ್ಬರಿಗೂ ಪಾಠ ನಡೆಯಿತು. ಶೌಚಾಲಯದ ಬಟ್ಟಲು ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಕೆಲಸ ಮುಗಿದ ಮೇಲೆ ಪಂಪು ಹೊಡೆದು, ನೀರು ಒಳಗೆ ಬರುವ ವಾಲ್ವಿನ ಹಿಡಿಯನ್ನು ಪೈಪಿಗೆ ಅಡ್ಡವಾಗಿ ತಿರುಗಿಸಿಬಿಡಬೇಕು. ಮರೆತರೆ ಸಮುದ್ರವೇ ಒಳಗೆ ಬಂದು ಕೂರುತ್ತದೆ.

"ನಲವತ್ತು ವರ್ಷ ಪ್ಲಂಬರ್ ಆಗಿದ್ದವನಿಗೆ ವಾಲ್ವ್ ಮುಚ್ಚೋದು ಹೇಳಿಕೊಡ್ತೀಯಾ?" ಎಂದೆ.

"ಮನೇಲಿ ಯಾರೂ ಪ್ರತಿ ಸಲ ವಾಲ್ವ್ ಮುಚ್ಚಲ್ಲಪ್ಪ. ಅದಕ್ಕೇ ಹೇಳಿದ್ದು."

"ಕ್ಯಾಪ್ಟನ್ನು ಹೇಳಿದ್ರೆ ಕೇಳಬೇಕು ಮೇಸ್ತ್ರಿ" ಎಂದಳು ಅಕ್ಕ. ಹಿಡಿಯ ಮೇಲೆ ಮಗಳು ಕೆಂಪು ಬಣ್ಣವನ್ನೂ ಬಳಿದಿದ್ದಾಳೆ. ಅಷ್ಟೊಂದು ಅಗತ್ಯವಿರಲಿಲ್ಲ.

ಅಕ್ಟೋಬರ್ ೮, ಭಾನುವಾರ

ಈ ದಿನ ಗಾಳಿ ಚೆನ್ನಾಗಿ ಸಿಕ್ಕಿತು. ಎಂಜಿನ್ ನಿಲ್ಲಿಸಿ ಹಾಯಿ ಏರಿಸಿದಾಗ ಆ ಸದ್ದೆಲ್ಲ ನಿಂತು, ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ತನ್ನ ಪಾಡಿಗೆ ತಾನು ಹೊರಟಿತು. ಸ್ವಲ್ಪ ಹೊತ್ತು ಚುಕ್ಕಾಣಿ ನನ್ನ ಕೈಗೆ ಕೊಟ್ಟಳು. ಹಾಯಿಯನ್ನು ಇನ್ನೂ ಬಿಗಿ ಎಳೆಯಬೇಕೆಂದು ನಾನು ಹೇಳಿದೆ. ಬೇಡವೆಂದಳು. ಹಗ್ಗದ ಗಂಟು ಸರಿಯಿಲ್ಲವೆಂದೆ. ಸರಿಯಿದೆ ಎಂದಳು. ಒಲೆಯ ಗ್ಯಾಸ್ ಪೈಪಿನ ಕ್ಲಿಪ್ಪನ್ನು ಮಾತ್ರ ನಾನು ಕೇಳದೆ ಅರ್ಧ ಸುತ್ತು ಬಿಗಿ ಮಾಡಿದೆ. ಅದು ಮೊದಲೇ ಬಿಗಿಯಾಗಿತ್ತು.

ಸಂಜೆ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿದೆವು. ಚಹಾ ಕುಡಿಯುವಾಗ ಮಗಳು ಒಂದು ಸುದ್ದಿ ಹೇಳಿದಳು. ಹಾಯಿದೋಣಿ ಕಲಿಸುವ ಶಾಲೆಯೊಂದರ ಮೇಡಂ ಇವಳನ್ನು ಕರೆದಿದ್ದಾರಂತೆ, ಮಕ್ಕಳಿಗೆ ಕಲಿಸಲು, ಇದೇ ದೋಣಿಯಲ್ಲಿ. ಆಸ್ಪತ್ರೆ ಬಿಟ್ಟುಬಿಡಬಹುದು. ಮಂಗಳವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

"ಇದರಲ್ಲಿ ಯೋಚನೆ ಮಾಡೋದೇನಿದೆ? ಕತ್ತಲೆ ಕೋಣೇಲಿ ಮೂಳೆ ನೋಡೋದು ಬಿಟ್ಟು ಬಿಸಿಲಿಗೆ ಬಾ" ಎಂದಳು ಅಕ್ಕ.

"ಈ ಪ್ರಯಾಣದಲ್ಲಿ ದೋಣಿ ಹೇಗೆ ನಡ್ಕೊಳತ್ತೆ ಅಂತ ನೋಡಿ ಹೇಳೋಣ ಅಂದ್ಕೊಂಡಿದೀನಿ ಅತ್ತೆ. ನಾನೇ ಎಲ್ಲ ಮಾಡಿದ್ದು. ಮಕ್ಕಳನ್ನ ಕೂರಿಸ್ಕೋಬೇಕು."

ಹಾಗೆ ಹೇಳುತ್ತ ನನ್ನ ಮುಖ ನೋಡಿದಳು. ನಾನು ಬಿಸ್ಕತ್ತು ಅದ್ದುತ್ತಿದ್ದೆ. "ನೋಡೋಣ" ಎಂದೆ.

ಅಕ್ಟೋಬರ್ ೧೦, ಮಂಗಳವಾರ, ಬೆಳಿಗ್ಗೆ

ಮಳೆ. ಕೊಲ್ಲಿಯ ಆಚೆ ದಡ ಕಾಣುತ್ತಿಲ್ಲ. ಈ ದಿನ ಎಲ್ಲಿಗೂ ಹೋಗುವುದಿಲ್ಲವೆಂದು ಮಗಳು ಹೇಳಿದ್ದಾಳೆ. ತಲೆಯ ಮೇಲೆ ಹೆಸರುಕಾಳು ಸುರಿದ ಹಾಗೆ ಸದ್ದು.

ಬರೆಯಬಾರದು ಎಂದುಕೊಂಡಿದ್ದೆ. ಬರೆದುಬಿಡುತ್ತೇನೆ.

ಮೊದಲು ಎದ್ದವನು ನಾನು. ಶೌಚಾಲಯದ ಬಾಗಿಲು ತೆರೆದರೆ ಬಟ್ಟಲು ಅಂಚಿನವರೆಗೂ ತುಂಬಿ, ಅಂಚಿನಿಂದ ನೀರು ಸದ್ದಿಲ್ಲದೆ ಇಳಿದು, ನೆಲದ ಜಾಲರಿಯೊಳಗೆ ಹೋಗುತ್ತಿತ್ತು. ಹಾಲು ಉಕ್ಕುವಾಗಲಾದರೂ ಸದ್ದು ಬರುತ್ತದೆ, ಇದಕ್ಕೆ ಅದೂ ಇರಲಿಲ್ಲ. ಕೆಂಪು ಹಿಡಿ ಪೈಪಿನ ಜೊತೆಗೇ ನೆಟ್ಟಗೆ ನಿಂತಿತ್ತು. ನಿನ್ನೆ ಮಲಗುವ ಮುಂಚೆ ಕೊನೆಯಲ್ಲಿ ಹೋಗಿದ್ದವನು ನಾನೇ. ಪಂಪು ಹೊಡೆದದ್ದು ನೆನಪಿದೆ. ಹಿಡಿ ತಿರುಗಿಸಿದ್ದು ನೆನಪಿಲ್ಲ. ತಿರುಗಿಸಿರಲಿಲ್ಲ, ಇನ್ನೇನು ನೆನಪು.

ಹಿಡಿ ತಿರುಗಿಸಿದೆ. ಬಟ್ಟಲು ಖಾಲಿ ಮಾಡಿದೆ. ನನ್ನ ಟವೆಲಿನಿಂದ ನೆಲ ಒರೆಸಿ, ಹಿಂಡಿ, ಮತ್ತೆ ಒರೆಸಿ, ಮುಖ ತೊಳೆದವನ ಹಾಗೆ ಹೊರಗೆ ಬಂದೆ. ಯಾರಿಗೂ ಎಚ್ಚರವಾಗಿರಲಿಲ್ಲ. ನಿಧಾನಕ್ಕೆ ಹೇಳಿದರಾಯಿತು, ನಗಾಡಿಕೊಂಡು ಹೇಳಿದರಾಯಿತು ಎಂದುಕೊಂಡೆ.

ಜಾಲರಿಯೊಳಗೆ ಹೋದ ನೀರು ಎಲ್ಲಿಗೆ ಹೋಯಿತೆಂದು ಯೋಚಿಸಲೇ ಇಲ್ಲ. ನಾನು! ಒಬ್ಬರ ಮನೆಯ ತೇವ ನೋಡಿ ಮೂರನೆಯ ಮನೆಯ ಪೈಪನ್ನು ತೋರಿಸುತ್ತಿದ್ದವನು.

ತಿಂಡಿಗೆ ಈರುಳ್ಳಿ ತೆಗೆಯಲು ಮಗಳು ನೆಲದ ಹಲಗೆ ಎತ್ತಿದಳು. ಕೆಳಗೆ ಈರುಳ್ಳಿ ತೇಲುತ್ತಿದ್ದವು. ಆಲೂಗಡ್ಡೆ ಮುಳುಗಿದ್ದವು. ಅವಳು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು" ಎಂದಳು. ಮಳೆನೀರಾಗಿದ್ದರೆ ಎಂದು ಆಸೆಪಟ್ಟಿದ್ದಳೆಂದು ಕಾಣುತ್ತದೆ. "ಅಪ್ಪಾ, ದೋಣಿ ಸೋರ್ತಿದೆ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಕ್ಕ "ಅಯ್ಯೋ, ಮುಳುಗ್ತೀವಾ?" ಎಂದಳು. ಮಗಳು "ಇಲ್ಲ ಅತ್ತೆ, ಹೆದರ್ಕೋಬೇಡಿ" ಎನ್ನುತ್ತ ಕೈಪಂಪು ಹಿಡಿದು ಮೊಣಕಾಲೂರಿದಳು. ನಾನು ಬಕೆಟ್ ಹಿಡಿದುಕೊಂಡೆ. ಬಕೆಟ್ ಹಿಡಿದವನ ಬಾಯಿಂದ ಆ ಮಾತು ಹೊರಡಲಿಲ್ಲ. ಬಕೆಟ್ ತುಂಬಿದ ಹಾಗೆಲ್ಲ ಮೇಲೆ ಹೋಗಿ ಸಮುದ್ರದ ನೀರನ್ನು ಸಮುದ್ರಕ್ಕೇ ಸುರಿದು ಬಂದೆ.

ಮಂಗಳವಾರ, ಮಧ್ಯಾಹ್ನ

ಮಳೆ ಬಿಟ್ಟಿಲ್ಲ. ಬಿಡುವುದೂ ಬೇಡ. ಫೋನಿಗೆ ಸಿಗ್ನಲ್ ಸಿಗುವುದು ದೋಣಿಯ ಮೂತಿಯಲ್ಲಿ ಮಾತ್ರ. ಇಂಥ ಮಳೆಯಲ್ಲಿ ಯಾರೂ ಅಲ್ಲಿಗೆ ಹೋಗಿ ನಿಂತು ಮಾತಾಡಲಾರರು. ಮಳೆ ಹೀಗೇ ಸಂಜೆ ದಾಟಲಿ.

ನೀರನ್ನೆಲ್ಲ ತೆಗೆದ ಮೇಲೆ ಅವಳು ಒಂದೊಂದೇ ಕಡೆ ಹುಡುಕುತ್ತ ಹೋದಳು. ಬೆಂಚಿನ ಕೆಳಗಿನ ಕಪಾಟು ಖಾಲಿ ಮಾಡಿದಳು. ಅಕ್ಕನ ಹಾಸಿಗೆ ಮೆಟ್ಟಿಲ ಮೇಲೆ ಬಂತು, ಅಕ್ಕ ಮೂಲೆಗೆ ಹೋದಳು. ಕೊನೆಗೆ ಎಂಜಿನ್ನಿನ ಪಕ್ಕದಲ್ಲಿ ಟಾರ್ಚ್ ಹಿಡಿದು ಬೋರಲು ಮಲಗಿದಳು. ಎಂಜಿನ್ ತಣ್ಣಗಿರಲು ಸಮುದ್ರದ ನೀರು ಎಳೆದುಕೊಳ್ಳುವ ಪೈಪು ದೋಣಿಯ ತಳವನ್ನು ಸೇರುವ ಜಾಗ ಅದು. ಹೋದ ವರ್ಷ ಹಳೆಯದನ್ನು ಕಿತ್ತು ಹೊಸ ಕಂಚಿನ ಜಾಯಿಂಟ್ ಕೂರಿಸಿದವಳು ಇವಳೇ.

"ಇಲ್ಲೇ ಇರಬೇಕು. ಬೇರೆಲ್ಲೂ ಇಲ್ಲ. ಇದನ್ನ ಕೂರಿಸುವಾಗಲೇ ನಂಗೆ ಅನುಮಾನ ಇತ್ತು" ಎಂದಳು.

ಅನುಮಾನ ಇರಲಿಲ್ಲ ಅವಳಿಗೆ. ಕೂರಿಸಿದ ದಿನ ಮನೆಗೆ ಬಂದು ಕೈಗೆಲ್ಲ ಮೆತ್ತಿದ ಬಿಳಿ ಅಂಟನ್ನು ತೋರಿಸಿ ಹಿಗ್ಗಿದ್ದಳು. ಆ ಹಿಗ್ಗು ಈ ಬೆಳಿಗ್ಗೆ ಅನುಮಾನವಾಗಿಬಿಟ್ಟಿದೆ.

ಆಮೇಲೆ ಎದ್ದು ಕೂತು, ತಲೆಗೂದಲು ಹಿಂದಕ್ಕೆ ತಳ್ಳಿಕೊಂಡು ಹೇಳಿದಳು. "ಅಪ್ಪಾ, ನೀನೊಂದ್ಸಲ ನೋಡ್ತೀಯಾ? ನಿನ್ನ ಬೆರಳಿಗೆ ಗೊತ್ತಾಗತ್ತೆ."

ಎರಡು ವರ್ಷ ನಾನು ಕಾದಿದ್ದ ಮಾತು. ಈ ದಿನ ಬರಬೇಕೇ ಅದು?

ಬೋರಲು ಮಲಗಿದೆ. ಎದೆಗೆ ಹಲಗೆಯ ಅಂಚು ಒತ್ತುತ್ತಿತ್ತು. ಟಾರ್ಚ್ ಬಿಟ್ಟು ನೋಡಿದೆ. ಬೆರಳಿನಿಂದ ಸುತ್ತಲೂ ಸವರಿದೆ. ಅಂಟು ಎಲ್ಲ ಕಡೆ ಒಂದೇ ಸಮ ಹೊರಗೆ ಬಂದಿದೆ, ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ. ಪೈಪಿಗೆ ಎರಡು ಕ್ಲಿಪ್ಪು, ಎರಡರ ಸ್ಕ್ರೂ ಕೂಡ ಮುಂದೆ ಎಂದಾದರೂ ಬಿಚ್ಚುವವನ ಕೈಗೆ ಎಟುಕುವ ಕಡೆಗೆ ತಿರುಗಿವೆ. ಇಷ್ಟನ್ನು ಯೋಚಿಸಿ ಕೂರಿಸುವ ಕೆಲಸಗಾರ ನನ್ನ ಕೈಕೆಳಗೆ ಒಬ್ಬನೂ ಇರಲಿಲ್ಲ. ಬೆರಳು ಒಣಗಿಯೇ ಇತ್ತು. ಇಲ್ಲಿ ಹನಿ ನೀರು ಬಂದಿಲ್ಲ, ಹತ್ತು ವರ್ಷ ಬರುವುದೂ ಇಲ್ಲ.

"ಹೇಳೋಕಾಗಲ್ಲಮ್ಮ" ಎಂದೆ. "ಈಗ ಒಣಗಿದೆ. ದೋಣಿ ಅಲ್ಲಾಡಿದಾಗ ಸೋರಿದ್ರೂ ಸೋರಿರಬಹುದು."

"ಹೂಂ" ಎಂದಳು. ನನ್ನ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪಿಕೊಂಡದ್ದು ಇದೇ ಮೊದಲು.

ಈಗ ಅವಳು ಮೂತಿಯ ಕಡೆಯ ತನ್ನ ಪುಟ್ಟ ಕೋಣೆಯಲ್ಲಿದ್ದಾಳೆ. ಅಕ್ಕ ಮೂಲೆಯಲ್ಲಿ ಒಬ್ಬಳೇ ಇಸ್ಪೀಟು ಆಡುತ್ತ, ಎಲೆ ಕೂಡದಿದ್ದರೆ ಕೆಳಗಿನಿಂದ ಬೇಕಾದದ್ದನ್ನು ಎಳೆದುಕೊಳ್ಳುತ್ತಿದ್ದಾಳೆ.

"ಒಬ್ಬಳೇ ಆಡುವಾಗಲೂ ಮೋಸಾನಾ?" ಎಂದೆ.

"ನಂಗೆ ನಾನು ಮಾಡ್ಕೊಳೋ ಮೋಸ, ನಿಂಗೇನು ಕಷ್ಟ?" ಎಂದು ಎಲೆ ಇಟ್ಟಳು. ಇನ್ನೊಂದು ಎಲೆ ಎಳೆದು, ತಲೆ ಎತ್ತದೆ, "ಒಲೆ ಪಕ್ಕ ಒಣಹಾಕಿದ್ದ ನಿನ್ನ ಟವೆಲ್ಲು ಯಾಕೋ ಹಪ್ಪಳದ ಹಾಗೆ ಸೆಟೆದುಕೊಂಡಿದೆ?" ಎಂದಳು.

"ಬೆಳಿಗ್ಗೆ ಮೇಲೆ ಹೋಗಿದ್ನಲ್ಲ, ಮಳೇಲಿ ನೆನೀತು."

"ಎಲ್ಲಿಯ ಮಳೆಯೋ ಅದು, ಒಣಗಿದ್ರೆ ಬಿಳಿ ಉಪ್ಪು ಏಳೋದು?"

ಅವಳು ಮುಂದೆ ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಚಿಕ್ಕವನಿದ್ದಾಗ ನನ್ನ ಕಿವಿ ಹಿಂಡಿ ನಿಜ ಹೊರಡಿಸುತ್ತಿದ್ದಳು. ಈಗ ಅಕ್ಕನಿಗೂ ನಾನು ದೊಡ್ಡವನಾಗಿಬಿಟ್ಟೆ.

ಯಾಕೆ ಹೇಳಲಾರೆ? ಬರೆದು ನೋಡುತ್ತೇನೆ, ಬರೆದರೆ ತಿಳಿಯಬಹುದು. ಮರೆತದ್ದಕ್ಕೆ ನಾಚಿಕೆಯೇ? ಮರೆವು ಯಾರಿಗಿಲ್ಲ. ತಮ್ಮ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಾನೆ. ಆದರೆ ಅವನು ಕನ್ನಡಕ ಮಾಡುವವನಲ್ಲ. ನನ್ನ ಕೈಯಲ್ಲಿ ಇರುವುದು ಒಂದೇ ವಿದ್ಯೆ. ಓದು ಇಲ್ಲ, ಸಮುದ್ರ ಗೊತ್ತಿಲ್ಲ, ಹಾಯಿ ಗೊತ್ತಿಲ್ಲ. ವಾಲ್ವು ಒಂದು ಗೊತ್ತಿತ್ತು. ಈ ಮಗಳ ಮುಂದೆ ನಾನು ಅಪ್ಪನಾಗಿ ನಿಂತಿದ್ದೇ ಅದರ ಬಲದ ಮೇಲೆ ಎಂದು ಅನಿಸುತ್ತದೆ. ಅದೂ ಹೋದರೆ...

ಇಲ್ಲ, ಇದೂ ಸರಿಯಾದ ಉತ್ತರವಲ್ಲ. ನಿನ್ನೆ ರಾತ್ರಿಯದು ಬಿಡು, ಮರೆಗುಳಿತನ. ಆದರೆ ಜಾಯಿಂಟ್ ನೋಡಿ ಹಾಗೆ ಹೇಳಿದೆನಲ್ಲ, ಅದು ಎಲ್ಲಿಂದ ಬಂತು? ಒಂದು ಮಾತು ಅದು, "ಚೆನ್ನಾಗಿದೆ" ಎನ್ನುವುದು. ವಾಲ್ವಿನ ಸಂಗತಿ ಮುಚ್ಚಿಟ್ಟುಕೊಂಡೂ ಅದನ್ನು ಹೇಳಬಹುದಿತ್ತು. ಅಷ್ಟೂ ಹೇಳಲಿಲ್ಲ.

ಹೇಳಿಬಿಡುತ್ತೇನೆ. ಈ ಪುಟ ಮುಗಿಯಲಿ, ಎದ್ದು ಹೋಗಿ ಅವಳ ಬಾಗಿಲು ತಟ್ಟಿ ಹೇಳುತ್ತೇನೆ. ಹೇಗೆ ಶುರು ಮಾಡಬೇಕು ಎಂದು ಒಂದೆರಡು ಸಾಲು ಬರೆದುಕೊಂಡರೆ ಸುಲಭವಾಗುತ್ತದೆ. "ನೋಡಮ್ಮ, ಒಂದು ತಮಾಷೆ ಆಯ್ತು." ಬೇಡ, ತಮಾಷೆ ಎನ್ನುವುದು ಬೇಡ. "ನೋಡಮ್ಮ, ನಿನ್ನ ದೋಣಿಗೆ ಏನೂ ಆಗಿಲ್ಲ." ಇದು ಚೆನ್ನಾಗಿದೆ. "ನಿನ್ನ ದೋಣಿಗೆ ಏನೂ ಆಗಿಲ್ಲ, ಆಗಿರೋದು ನಿಮ್ಮಪ್ಪನಿಗೆ."

ಮಂಗಳವಾರ, ಸಂಜೆ

ನಾನು ಮೇಲಿನ ಸಾಲುಗಳನ್ನು ಬರೆಯುತ್ತ ಕೂತಿದ್ದಾಗಲೇ ಅವಳು ಫೋನ್ ಮಾಡಿ ಮುಗಿಸಿದ್ದಳು.

ಅವಳ ಕೋಣೆಗೆ ಮೇಲಕ್ಕೆ ತೆರೆಯುವ ಕಿಂಡಿ ಇದೆ. ಅದರಿಂದಲೇ ಹತ್ತಿ, ಮಳೆ ಅಂಗಿ ಹಾಕಿಕೊಂಡು, ಮೂತಿಯಲ್ಲಿ ನಿಂತು ಮಾತಾಡಿ ಬಂದಿದ್ದಾಳೆ. ನನಗೆ ಗೊತ್ತಾದದ್ದು ಅವಳು ಮೆಟ್ಟಿಲ ಕಡೆಯಿಂದ ನೀರು ಸುರಿಸುತ್ತ ಇಳಿದು ಬಂದಾಗ.

"ಹೇಳಿಬಿಟ್ಟೆ" ಎಂದಳು.

"ಏನಂತ?" ಅಕ್ಕ ಎಲೆ ಕೆಳಗಿಟ್ಟಳು.

"ಆಗಲ್ಲ ಅಂತ. ಎಲ್ಲಿ ಸೋರ್ತಿದೆ ಅಂತಾನೇ ಗೊತ್ತಿಲ್ಲದ ದೋಣೀಲಿ ಬೇರೆಯವರ ಮಕ್ಕಳನ್ನ ಹೇಗೆ ಕರ್ಕೊಂಡು ಹೋಗ್ಲಿ? ಆಸ್ಪತ್ರೆ ಕೆಲಸ ಇದ್ದೇ ಇದೆ. ಇದನ್ನ ಯಾರಾದ್ರೂ ತಗೊಂಡ್ರೆ ಕೊಟ್ಬಿಡ್ತೀನಿ." ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟಳು. "ಅಪ್ಪಾ, ಸಕ್ಕರೆ ಎಷ್ಟು?"

ಬರೆದುಕೊಂಡಿದ್ದ ಸಾಲು ಒಂದೂ ನೆನಪಿಗೆ ಬರಲಿಲ್ಲ.

"ವಾಲ್ವ್ ಮುಚ್ಚಿರಲಿಲ್ಲ" ಎಂದೆ.

"ಯಾವ ವಾಲ್ವ್?"

"ಕೆಂಪು ಹಿಡಿ. ನಿನ್ನೆ ರಾತ್ರಿಯೆಲ್ಲ ತೆರೆದಿತ್ತು."

ಅವಳು ಮೊದಲು ಅಕ್ಕನ ಕಡೆ ನೋಡಿದಳು. ನಾನು ಹಾಗೆ ಮಾಡಿರಲಾರೆ ಎಂದೇ ಅವಳಿಗೆ ಮೊದಲು ಹೊಳೆದದ್ದು. ಅಕ್ಕ ಎರಡೂ ಕೈ ಎತ್ತಿ, "ನನ್ನ ನೋಡಬೇಡ ತಾಯಿ, ನಾನು ಎರಡೆರಡು ಸಲ ಮುಚ್ಚೋಳು" ಎಂದಳು.

"ನಾನು" ಎಂದೆ.

ಮಗಳು ಒಲೆ ಆರಿಸಿದಳು. "ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ."

"ನಾನು ಹಲಗೆ ಎತ್ತೋಕೆ ಮುಂಚೆ?"

"ಮುಂಚೆ."

ಮೇಲೆ ಮಳೆಯ ಸದ್ದು. ಅವಳು ಅಳುತ್ತಾಳೆ ಅಥವಾ ಕೂಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ಆ ಜಾಯಿಂಟ್ ನೋಡಿದ್ರಲ್ಲ ನೀವು. ಹೇಗಿತ್ತು?" ಎಂದಳು. ಸಿಟ್ಟು ಬಂದಾಗ ಅವಳು ನನಗೆ ಮರ್ಯಾದೆ ಕೊಡುತ್ತಾಳೆ. ಆ ಮರ್ಯಾದೆಯಷ್ಟು ಉರಿಯುವುದು ಬೇರೆ ಯಾವುದೂ ಇಲ್ಲ.

"ಚೆನ್ನಾಗಿತ್ತು."

"ಎಷ್ಟು ಚೆನ್ನಾಗಿತ್ತು?"

"ಎಷ್ಟು ಅಂದ್ರೆ... ನಂಗೆ ಹೊಟ್ಟೆಕಿಚ್ಚಾಯ್ತು."

ಅದು ನನ್ನ ಬಾಯಿಂದ ಹೊರಗೆ ಬಂದ ಮೇಲೆಯೇ ನನಗೂ ಕೇಳಿಸಿದ್ದು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು. ಮಗಳು ಗೂಟದಿಂದ ನನ್ನ ಮಳೆ ಅಂಗಿ ತೆಗೆದು ಕೈಗೆ ಕೊಟ್ಟಳು.

"ಬನ್ನಿ ಮೇಲೆ."

ದೋಣಿಯ ಮೂತಿಯವರೆಗೂ ಅಂಚಿಗೆ ಕಟ್ಟಿದ ತಂತಿ ಹಿಡಿದುಕೊಂಡು ಅವಳ ಹಿಂದೆ ಹೋದೆ. ಅವಳು ನಂಬರ್ ಒತ್ತಿ, "ಮೇಡಂ, ನಮ್ಮ ತಂದೆ ಮಾತಾಡಬೇಕಂತೆ" ಎಂದು ಫೋನನ್ನು ನನ್ನ ಕೈಗಿಟ್ಟಳು.

"ನಮಸ್ಕಾರ, ಹೇಳಿ" ಎಂದಿತು ಆ ಕಡೆಯ ಧ್ವನಿ. ಬೇಗ ಬೇಗ ಮಾತಾಡುವ ಹೆಂಗಸು.

"ಅಮ್ಮಾ, ಈ ದೋಣಿ ಸೋರಿಲ್ಲ. ಶೌಚಾಲಯದ ವಾಲ್ವನ್ನ ನಾನು ಮುಚ್ಚೋದು ಮರೆತಿದ್ದೆ. ನೀರು ಅಲ್ಲಿಂದ ಬಂದಿದ್ದು."

"ಓ. ಅದು ಎಲ್ಲರೂ ಮರೀತಾರೆ ಬಿಡಿ. ಹೊಸಬರಿಗೆ ದೋಣಿ ರೂಢಿ ಇರಲ್ಲ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಪಕ್ಕದಲ್ಲಿ ಮಗಳು ನಿಂತಿದ್ದಳು, ಅವಳ ಮೂಗಿನ ತುದಿಯಿಂದ ಮಳೆ ತೊಟ್ಟಿಕ್ಕುತ್ತಿತ್ತು.

"ನಾನು ಪ್ಲಂಬರಮ್ಮಾ" ಎಂದೆ. "ಜೀವಮಾನವೆಲ್ಲ ಇದೇ ಕೆಲಸ. ಅವಳು ಮಾಡಿದ ಜಾಯಿಂಟ್ ಮಧ್ಯಾಹ್ನ ಕೈಯಿಟ್ಟು ನೋಡಿದೆ. ಒಂದು ಊನ ಇಲ್ಲ. ಆದ್ರೂ ಅವಳಿಗೆ 'ಹೇಳೋಕಾಗಲ್ಲ, ಸೋರಿರಬಹುದು' ಅಂದೆ. ಅದಕ್ಕೇ ಅವಳು ನಿಮಗೆ ಆಗಲ್ಲ ಅಂದಿದ್ದು."

ಫೋನಿನ ಮೇಲೆ ಮಳೆ ಬೀಳದ ಹಾಗೆ ಕೈ ಅಡ್ಡ ಹಿಡಿದೆ.

"ಯಾಕೆ ಹಾಗಂದ್ರಿ?"

"ಅದು ನನಗಿನ್ನೂ ಸರಿಯಾಗಿ ಗೊತ್ತಿಲ್ಲಮ್ಮಾ."

"ಮಗಳಿಗೆ ಕೊಡಿ."

ಕೊಟ್ಟೆ. ಅವಳು ಮಾತಾಡುವುದನ್ನು ನಿಂತು ಕೇಳುವ ಮುಖ ನನಗಿರಲಿಲ್ಲ. ಕೆಳಗೆ ಬಂದೆ. ಅಕ್ಕ ಒಲೆ ಹಚ್ಚಿ ನೀರಿಟ್ಟಿದ್ದಳು. "ಕೂತ್ಕೋ" ಎಂದು ಹೆಗಲ ಮೇಲೆ ಒಣ ಟವೆಲು ಹಾಕಿದಳು. ಅದು ಅವಳದೇ ಟವೆಲು. "ಮುದುಕ ಆಗಿದೀಯ, ಬುದ್ಧಿ ಮಾತ್ರ ನಿಕ್ಕರಿನಲ್ಲೇ ಬಿಟ್ಟು ಬಂದಿದೀಯ" ಎಂದಳು.

ಮಗಳು ಇಳಿದು ಬಂದು ಹೇಳಿದ್ದು ಇಷ್ಟು. ಮೇಡಂ ಆಗಲೇ ಇನ್ನೊಬ್ಬರನ್ನು ವಿಚಾರಿಸಿಬಿಟ್ಟಿದ್ದಾರೆ. ಆ ಮನುಷ್ಯ ಒಪ್ಪಿದರೆ ಕೆಲಸ ಅವನಿಗೇ. ಶನಿವಾರ ದೋಣಿ ತಂದು ತೋರಿಸಿದರೆ ಇದನ್ನೂ ನೋಡುತ್ತಾರೆ, ಮಾತು ಕೊಡುವುದಿಲ್ಲ. ಅಷ್ಟು ಹೇಳಿ ತನ್ನ ಲೋಟ ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆಯೇ ಒಂದು ಮಾತು ಹೇಳಿದ್ದರೆ ಆ ಇನ್ನೊಬ್ಬ ಎಂಬುವನು ಹುಟ್ಟುತ್ತಲೇ ಇರಲಿಲ್ಲ.

ಅಕ್ಟೋಬರ್ ೧೨, ಗುರುವಾರ

ನಿನ್ನೆ ಬರೆಯಲಿಲ್ಲ. ಮಳೆ ಮಧ್ಯಾಹ್ನದವರೆಗೂ ಇತ್ತು. ಕಪಾಟಿನ ಸಾಮಾನೆಲ್ಲ ತಿರುಗಿ ಜೋಡಿಸಿದೆವು. ಯಾವ ಹಲಗೆ ಎಲ್ಲಿ ಕೂರಬೇಕೆಂದು ಅವಳನ್ನು ಕೇಳಿ ಕೇಳಿ ಕೂರಿಸಿದೆ. ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ನೆಂದ ಆಲೂಗಡ್ಡೆಯನ್ನು ಅಕ್ಕ ಒರೆಸಿ ಒರೆಸಿ ಸಾಲಾಗಿ ಇಟ್ಟಳು.

ಈ ದಿನ ಬೆಳಿಗ್ಗೆ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಲಂಗರು ಎತ್ತುವ ಮುಂಚೆ ಮಗಳು ಎಂಜಿನ್ ಶುರು ಮಾಡಿ, ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿದಳು. ಚುಕ್ಕಾಣಿಯ ಹತ್ತಿರದಿಂದಲೇ, "ಅಪ್ಪಾ, ಕೆಳಗೆ ಹೋಗಿ ಆ ಜಾಯಿಂಟ್ ಒಂದ್ಸಲ ನೋಡ್ತೀಯಾ?" ಎಂದಳು.

ಇಳಿದು, ಹಲಗೆ ಸರಿಸಿ, ಬೋರಲು ಮಲಗಿ, ಬೆರಳು ಸುತ್ತಾಡಿಸಿದೆ.

"ಒಣಗಿದೆ" ಎಂದೆ.

"ಕೇಳಿಸ್ಲಿಲ್ಲ."

"ಒಣಗಿದೆ! ಚೆನ್ನಾಗಿದೆ!"

"ಕೇಳಿಸ್ತು ಕಣೋ, ಆಚೆ ದಡದವರೂ ಎದ್ದು ಕೂತ್ರು" ಎಂದಳು ಅಕ್ಕ.

"ಏನಂದೆ ಅಪ್ಪಾ?" ಎಂದು ಮಗಳು ಮತ್ತೆ ಕೇಳಿದಳು.

ಎಂಜಿನ್ ಸದ್ದಿರಲಿಲ್ಲ, ಗಾಳಿಯೂ ಇನ್ನೂ ಎದ್ದಿರಲಿಲ್ಲ. ಹಲಗೆಯ ಸಂದಿಯಿಂದ ಮುಖ ಎತ್ತಿ, ಇನ್ನೊಮ್ಮೆ ಜೋರಾಗಿ ಕೂಗಿದೆ.